ಕಣ್ಣು ಮಿಟುಕಿಸಿದ ಚಿತ್ರ

ಮೈಮೇಲಿನ ಕೂದಲು ನೆಟ್ಟಗಾಗುವುದಕ್ಕೆ ನಮ್ಮ ಅಪ್ಪಣೆ ಬೇಕಾಗುವುದಿಲ್ಲ. ಒಳ್ಳೆಯ ಹಾಡು ಕೇಳುವಾಗ, ನಿಂತ ತೇರು ಮೊದಲ ಸಲ ಅಲುಗಿದ ಗಳಿಗೆಯಲ್ಲಿ, ಮೈ ತನ್ನಷ್ಟಕ್ಕೆ ತಾನೇ ಜುಮ್ಮೆನ್ನುತ್ತದೆ. ಹಿರಿಯರು ಇದಕ್ಕೂ ಲೆಕ್ಕವಿಟ್ಟಿದ್ದಾರೆ. ಭರತನ ನಾಟ್ಯಶಾಸ್ತ್ರದಲ್ಲಿ ಸಾತ್ವಿಕ ಭಾವಗಳು 8: ಮರಗಟ್ಟಿ ನಿಲ್ಲುವುದು, ಬೆವರು, ರೋಮಾಂಚ, ದನಿ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಮೈಮರೆವು. ಭರತ ಹೇಳಿದ್ದು ನಟನ ವಿಷಯ. ಆದರೆ ನಟನ ಮೈಯಲ್ಲಿ ಎದ್ದದ್ದು ನೋಡುವವರ ಮೈಗೂ ದಾಟುತ್ತದೆ ಎಂಬುದನ್ನು ಕಂಪನಿ ನಾಟಕ ನೋಡಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಈಗ ನನ್ನನ್ನು ಕಾಡುತ್ತಿರುವುದು ಬೇರೆ ಮಾತು. ಆಚೆ ದಂಡೆಯಲ್ಲಿ ನಟನೂ ಇಲ್ಲ, ಚಿತ್ರಗಾರನ ಕೈಯೂ ಇಲ್ಲ, ಬರೀ ಯಂತ್ರದ ಲೆಕ್ಕ ಇದೆ ಅನ್ನಿ. ಆಗ ಈಚೆ ದಂಡೆಯಲ್ಲಿ ಏಳುವ ರೋಮಾಂಚ ಎಂಥದು? ಅದು ಖರೇಯೋ, ಸುಳ್ಳೋ?

ಪರದೆಯ ಮುಂದೆ ಕೈ ಮುಗಿಯುವುದು ನಮಗೆ ಹೊಸದಲ್ಲ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಕುಂದಗೋಳ ತಾಲೂಕಿನ ನನ್ನ ತವರೂರಿನಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ರವಿವಾರ ಮುಂಜಾನೆ ಹೆಂಗಸರು ಸ್ನಾನ ಮುಗಿಸಿ, ಚಪ್ಪಲಿ ಹೊರಗೆ ಬಿಟ್ಟು, ಪಡಸಾಲೆಯಲ್ಲಿ ಸೆರಗು ಹೊದ್ದು ಕೂಡುತ್ತಿದ್ದರು. ಪೆಟ್ಟಿಗೆಗೆ ಹೂವಿನ ಮಾಲೆ, ಮುಂದೆ ಊದಿನಕಡ್ಡಿ. ಅವರಲ್ಲಿ ಮುಕ್ಕಾಲು ಜನಕ್ಕೆ ಹಿಂದಿ ಬರುತ್ತಿರಲಿಲ್ಲ. ಕಣ್ಣೀರಿಗೆ ಅದರ ಅಡ್ಡಿ ಆಗಲಿಲ್ಲ. ಓದಿದವರು ಇದನ್ನು ನೋಡಿ ನಕ್ಕರು. ರಾಜಾ ರವಿವರ್ಮನ ಅಚ್ಚಿನ ಲಕ್ಷ್ಮಿ, ಸರಸ್ವತಿಯರನ್ನು ಅವರ ಅಜ್ಜಿಯರೇ ಜಗುಲಿಯ ಮೇಲಿಟ್ಟು ಪೂಜಿಸಿದ್ದರು, ಆ ಚಿತ್ರಗಳೂ ಮುಂಬಯಿಯಲ್ಲಿ ಒಮ್ಮೆ ಯಂತ್ರದಿಂದ ಇಳಿದವೇ ಎಂಬುದನ್ನು ನಕ್ಕವರು ಮರೆತಿದ್ದರು.

2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಬಾಲರಾಮನ ಪ್ರತಿಷ್ಠೆಯಾಯಿತು. ಮೂರ್ತಿಯನ್ನು ಕಡೆದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಕಣ್ಣು ಬಿಡಿಸಲು ಬಳಸಿದ ಬೆಳ್ಳಿಯ ಸುತ್ತಿಗೆ, ಬಂಗಾರದ ಉಳಿಯ ಚಿತ್ರವನ್ನು ಅವರು ಆಮೇಲೆ ಎಲ್ಲರಿಗೂ ತೋರಿಸಿದರು. ಪ್ರತಿಷ್ಠೆಯ ಬೆನ್ನಿಗೇ ಇನ್ನೊಂದು ಚಿತ್ರ ಫೋನಿನಿಂದ ಫೋನಿಗೆ ಹರಿದಾಡಿತು. ಅದರಲ್ಲಿ ಆ ಕಲ್ಲಿನ ಬಾಲಕ ಕಣ್ಣು ಮಿಟುಕಿಸುತ್ತಾನೆ, ಆಚೀಚೆ ನೋಡುತ್ತಾನೆ, ನಗುತ್ತಾನೆ. ಅದು ಕೃತಕ ಬುದ್ಧಿಮತ್ತೆಯ ಕೆಲಸ. ನೀವೂ ನೋಡಿರಬಹುದು.

ಅಣ್ಣಿಗೇರಿಯ ನಮ್ಮ ಮನೆಗೂ ಅದು ಬಂತು. ನಮ್ಮ ಅತ್ತೆಯವರು ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದು ನೋಡಿದರು. ಹಿಟ್ಟಿನ ಕೈಗಳು ಹಾಗೇ ಕೂಡಿಕೊಂಡವು. ಮೊಳಕೈವರೆಗೂ ಮುಳ್ಳೆದ್ದದ್ದು ನನ್ನ ಕಣ್ಣಿಗೆ ಕಂಡಿತು. ಕಾಲೇಜಿಗೆ ಹೋಗುವ ನನ್ನ ಮಗಳು ಸುಮ್ಮನಿರಲಿಲ್ಲ.

“ಆಯೀ, ಇದು ಖರೇ ಅಲ್ಲ. ಕಂಪ್ಯೂಟರ್ ಮಾಡಿದ್ದು.”

“ಗೊತ್ತೈತಿ ಬಿಡವಾ. ಕಲ್ಲು ಕಣ್ಣ ಮಿಟಕಸ್ತೈತೇನು? ಅಷ್ಟೂ ತಿಳೀದಾಕಿ ಅಲ್ಲ ನಾ.”

“ಮತ್ತ ಕೈ ಯಾಕ ಮುಗದಿ?”

“ನಾ ಎಲ್ಲಿ ಮುಗದೆ? ತಾವ ಮುಗದುವು.”

ಭರತ ಇದ್ದಿದ್ದರೆ ಈ ಉತ್ತರಕ್ಕೆ ತಲೆದೂಗುತ್ತಿದ್ದ. ಮಗಳಿಗೆ ಸಮಾಧಾನವಾಗಲಿಲ್ಲ. ಸುಳ್ಳು ಚಿತ್ರ, ಆದ್ದರಿಂದ ಸುಳ್ಳು ಭಾವ ಎಂಬುದು ಅವಳ ಗಣಿತ. ಆ ಗಣಿತದಲ್ಲಿ ನಾಟಕ ನೋಡಿ ಅತ್ತವರೆಲ್ಲ ಮೋಸಹೋದವರಾಗುತ್ತಾರೆ. ಹರಿಶ್ಚಂದ್ರನ ವೇಷದವನು ರಾತ್ರಿ ಬಣ್ಣ ಒರೆಸಿ ಊಟಕ್ಕೆ ಕೂಡುತ್ತಾನೆಂದು ಗೊತ್ತಿದ್ದೇ ನಾವು ಅಳುತ್ತೇವೆ. ಬೇಕಾಗಿಯೇ ಟಿಕೀಟು ಕೊಂಡು ಅಳುತ್ತೇವೆ. ತಿಳಿದೂ ಕರಗುವುದು ಮೋಸವಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಅತ್ತೆಯವರ ಪಕ್ಷ ವಹಿಸಿ ಸುಮ್ಮನಾಗುತ್ತಿದ್ದೆ. ಅದೇ ವರ್ಷ ಇನ್ನೊಂದು ಬಗೆಯ ಚಿತ್ರಗಳು ಬರತೊಡಗಿದವು. ಸುಕ್ಕು ಮೋರೆಯ ಮುದುಕಿ, ಮುಂದೊಂದು ಕೇಕು, ಕೆಳಗೆ ಬರಹ: ಇವತ್ತು ನನ್ನ ಹುಟ್ಟುಹಬ್ಬ, ಯಾರೂ ಹರಸಲಿಲ್ಲ. ಅತ್ತೆಯವರು ಓದಿಸಿಕೊಂಡು, ಕಣ್ಣೊರೆಸಿಕೊಂಡು, “ನೂರು ವರ್ಷ ಬಾಳವಾ ತಾಯಿ” ಎಂದು ಮಗಳ ಕೈಯಿಂದ ಬರೆಸಿದರು. ಮರುದಿನ ಅಂಥದೇ ಕೇಕಿನ ಮುಂದೆ ಬೇರೊಬ್ಬ ಮುದುಕ. ಅವನ ಒಂದು ಕೈಗೆ 6 ಬೆರಳು. ಮಗಳು ಅದನ್ನು ತೋರಿಸಿ, ಮುದುಕನೂ ಇಲ್ಲ, ನಿನ್ನೆಯ ಮುದುಕಿಯೂ ಇಲ್ಲ, ಜನ ಹೆಚ್ಚು ನೋಡಿದಷ್ಟು ಇದನ್ನು ಹಾಕಿದವರಿಗೆ ಲಾಭ ಎಂದು ವಿವರಿಸಿದಳು. ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ದೇವರಿಗೆ ಮುಗದದ್ದು ಮುಟ್ಟೂ ಜಾಗಕ್ಕ ಮುಟ್ಟತೈತಿ. ಈ ಮುದಕಿಗೆ ಹರಸಿದ್ದು ಎಲ್ಲಿ ಹೋತು?” ಎಂದರು.

ಎರಡೂ ಯಂತ್ರ ಮಾಡಿದ ಚಿತ್ರ. ಎರಡಕ್ಕೂ ಒಂದೇ ಮೈ ಸ್ಪಂದಿಸಿದೆ. ಆದರೂ ಮೊದಲನೆಯದರಲ್ಲಿ ಅವರು ಏನನ್ನೂ ಕಳಕೊಳ್ಳಲಿಲ್ಲ, ಎರಡನೆಯದರಲ್ಲಿ ಕಳಕೊಂಡರು. ಕಣ್ಣೀರಿನ ಉಪ್ಪು ಎರಡು ಸಲವೂ ಒಂದೇ. ವ್ಯತ್ಯಾಸ ಇರುವುದು ಆಚೆ ಕಡೆಯವರು ನಮ್ಮೊಡನೆ ಮಾಡಿಕೊಂಡ ಕರಾರಿನಲ್ಲಿ. ನಾಟಕದವನು ಪರದೆ ಎತ್ತುವಾಗಲೇ ‘ಇದು ಆಟ’ ಎಂದು ಹೇಳಿರುತ್ತಾನೆ. ಮುದುಕಿಯ ಚಿತ್ರ ಹಾಕಿದವರು ಆ ಮಾತನ್ನು ಮುಚ್ಚಿಟ್ಟರು, ಮುಚ್ಚಿಟ್ಟಿದ್ದರಿಂದಲೇ ಅವರ ವ್ಯಾಪಾರ ನಡೆಯಿತು. ಕನಿಕರ ಎನ್ನುವುದು ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದ ವಸ್ತು. ಅದನ್ನು ಖಾಲಿ ಮನೆಯ ವಿಳಾಸಕ್ಕೆ ತರಿಸಿಕೊಂಡವರನ್ನು ನಾನು ಕಲಾವಿದರೆನ್ನಲಾರೆ.

ನೋಡಿದ ಕೂಡಲೇ ಗೊತ್ತಾಗುವುದಿಲ್ಲವೇ ಎಂದು ಕೇಳುವವರುಂಟು. ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಮೈಕೆಲ್ ನಾಲ್ ಎಂಬವರು ಡಚ್ ಚಿತ್ರಕಾರ ಮೊಂಡ್ರಿಯಾನ್ 1917ರಲ್ಲಿ ಬರೆದ ಗೆರೆಗಳ ಚಿತ್ರವೊಂದನ್ನೂ, ಅದೇ ಮಾದರಿಯಲ್ಲಿ ಕಂಪ್ಯೂಟರ್ ಎಳೆದ ಚಿತ್ರವನ್ನೂ 100 ಜನರಿಗೆ ತೋರಿಸಿದ್ದರು. ಯಾವುದು ಕಂಪ್ಯೂಟರಿನದೆಂದು ಸರಿಯಾಗಿ ಹೇಳಿದವರು ನೂರಕ್ಕೆ 28. ಕಂಪ್ಯೂಟರಿನ ಚಿತ್ರವನ್ನೇ ಮೆಚ್ಚಿದವರು ನೂರಕ್ಕೆ 59. ಇದು ಪ್ರಕಟವಾದದ್ದು 1966ರಲ್ಲಿ, ನಮ್ಮ ಊರುಗಳಲ್ಲಿ ಇನ್ನೂ ಕಂದೀಲು ಒರೆಸುತ್ತಿದ್ದ ಕಾಲದಲ್ಲಿ.

ಹಾಗಾದರೆ ಕೈಯ ಕೆಲಸಕ್ಕೆ ಮೈ ಬೇರೆಯಾಗಿ ಏನೂ ಹೇಳುವುದಿಲ್ಲವೇ? ಹೇಳುತ್ತದೆಂದು ಕಾಣುತ್ತದೆ. ಫೊಂಟಾನಾ ಎಂಬ ಕಲಾವಿದ ಕ್ಯಾನ್‌ವಾಸನ್ನು ಚಾಕುವಿನಿಂದ ಸೀಳಿ ಅದನ್ನೇ ಕೃತಿಯೆಂದು ಇಡುತ್ತಿದ್ದ. (ನಮ್ಮ ಮನೆಯಲ್ಲಿ ಹಾಗೆ ಮಾಡಿದ್ದರೆ ಏಟು ಬೀಳುತ್ತಿತ್ತು.) ಇಟಲಿಯ ಪಾರ್ಮಾದ ವಿಜ್ಞಾನಿಗಳ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಸೀಳುಗಳನ್ನು ನೋಡುವವರ ಮಿದುಳಿನಲ್ಲಿ ಮೈಯ ಚಲನೆಗೆ ಸಂಬಂಧಿಸಿದ ಭಾಗ ಎಚ್ಚೆತ್ತಿತು. ಸೀಳಿನ ಜಾಗದಲ್ಲಿ ಬರೀ ಗೆರೆ ಎಳೆದ ಚಿತ್ರ ತೋರಿಸಿದಾಗ ಹಾಗಾಗಲಿಲ್ಲ. ಸ್ವಾರಸ್ಯವೆಂದರೆ ಆ ಜನ ನೋಡಿದ್ದು ಕ್ಯಾನ್‌ವಾಸನ್ನಲ್ಲ, ಅದರ ಪ್ರತಿಬಿಂಬವನ್ನು. ಕೈಯ ಗುರುತು ಪರದೆಯನ್ನು ದಾಟಿ ಬರಬಲ್ಲದು ಎಂದಾಯಿತು. ತಪ್ಪು ಪರದೆಯದಲ್ಲ.

ಇದನ್ನು ತಿಳಿಯಲು ನಮಗೆ ಇಟಲಿಯ ದಾರಿ ಬೇಕಿರಲಿಲ್ಲ. ಯಾರದೋ ಅಂಗಳದ ರಂಗೋಲಿ ನೋಡುವಾಗ ನಿಮ್ಮ ಹೆಬ್ಬೆರಳು ತೋರುಬೆರಳಿಗೆ ತಾನಾಗಿ ಉಜ್ಜುವುದಿಲ್ಲವೇ? ಈ ಎಳೆ ಒಂದೇ ಉಸಿರಿನಲ್ಲಿ ಬಂದದ್ದು, ಇಲ್ಲಿ ಇವಳಿಗೆ ಸೊಂಟ ನೋವಾಯಿತು ಎಂದು ನಮ್ಮ ಸೊಂಟಕ್ಕೇ ತಿಳಿಯುತ್ತದೆ. ಅಂಟಿಸಿದ ಸ್ಟಿಕರ್ ರಂಗೋಲಿ ಅಂದವಾಗಿರುತ್ತದೆ, ಬೆರಳು ಮಾತ್ರ ಕದಲುವುದಿಲ್ಲ. ಆದರೆ ಚುಕ್ಕಿಯ ಲೆಕ್ಕ ಯಂತ್ರಕ್ಕೆ ಪರಕೀಯವಲ್ಲ. ಮದ್ರಾಸಿನ ಗಿಫ್ಟ್ ಸಿರೋಮನಿಯವರು 1974ರಲ್ಲಿಯೇ ಕೋಲಂ ಎಳೆಗಳಿಗೆ ಕಂಪ್ಯೂಟರ್ ಶಾಸ್ತ್ರದ ವ್ಯಾಕರಣ ಕಟ್ಟಿದ್ದರು. ನವಲಗುಂದದ ಜಮಖಾನೆಯ ನವಿಲನ್ನು ನೋಡಿ, ಅದರ ಮೈಯ ಅಂಚು ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಹಳೆಯ ಕಂಪ್ಯೂಟರ್ ಚಿತ್ರದ ಹಾಗೆ. ನಿಂತ ಮಗ್ಗದ ಮುಂದೆ ಕುಳಿತ ಹೆಂಗಸು ಎಳೆ ಎಣಿಸಿ ಎಣಿಸಿ ನವಿಲನ್ನು ತರುತ್ತಾಳೆ. ಲೆಕ್ಕ ಇದ್ದಲ್ಲಿ ಕಲೆ ಇಲ್ಲ ಎನ್ನುವವರು ಅವಳ ಹತ್ತಿರ ಹೋಗಿ ಹೇಳಲಿ.

ಹೋದ ದೀಪಾವಳಿಗೆ ಮಗಳು ಫೋನಿನ ಗಾಜಿನ ಮೇಲೆಯೇ ಬೆರಳಿನಿಂದ 9 ಚುಕ್ಕಿಯ ರಂಗೋಲಿ ಬರೆದು, ಬಣ್ಣ ತುಂಬಿ, ಬಂಧುಗಳಿಗೆಲ್ಲ ಕಳಿಸಿದಳು. ಅಷ್ಟರಲ್ಲಿ ಅತ್ತೆಯವರಿಗೆ ಫೋನಿನ ಚಿತ್ರವೆಂದರೆ ಸಾಕಾಗಿಹೋಗಿತ್ತು. ದೇವರು ಬಂದರೂ ಹೆಬ್ಬೆರಳಿನಿಂದ ಮೇಲೆ ತಳ್ಳುತ್ತಿದ್ದರು. ಇದನ್ನು ಮಾತ್ರ ಚಷ್ಮಾ ಹಾಕಿಕೊಂಡು ಹತ್ತಿರ ಹಿಡಿದು ನೋಡಿದರು. ಗಾಜಿಗೆ ತಾಗದಂತೆ ಅವರ ಬೆರಳು ಎಳೆಯ ಮೇಲೆ ಸಾಗುತ್ತ ಹೋಯಿತು, ಒಂದು ಮೂಲೆಯಲ್ಲಿ ನಿಂತಿತು.

“ಇಲ್ಲಿ ಕೈ ತಡದೈತಿ ನಿಂದು,” ಎಂದರು. “ಚಾ ಕುಡಿಯಾಕ ಎದ್ದಿದ್ದೇನು?”