ವಿಧೇಯತೆ: ಭಯದಿಂದಲೋ, ವಿಶ್ವಾಸದಿಂದಲೋ?

ಗೆಲ್ಲಬೇಕೆಂಬ ಹಂಬಲ ಮನುಷ್ಯನಿಗೆ ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಓಟಗಾರನೊಬ್ಬನು ಪದಕಕ್ಕಾಗಿ ಮೈ ದಣಿಸುತ್ತಾನೆ, ನೋವು ನುಂಗುತ್ತಾನೆ. ಆದರೆ ಆ ಹಾದಿಯನ್ನು ಆರಿಸಿಕೊಂಡವನು ಅವನೇ. ಪದಕದ ಬೆಲೆಯೂ ಅವನಿಗೆ ಗೊತ್ತು. ಸ್ಪರ್ಧೆಗಿಳಿಯುವ ನಾಯಿಗೆ ಈ ಎರಡೂ ಇಲ್ಲ. ಅದು ಸ್ಪರ್ಧೆಯನ್ನು ಕೇಳಿಕೊಂಡು ಬಂದುದಲ್ಲ, ಪದಕ ಅದಕ್ಕೊಂದು ಲೋಹದ ತುಂಡು ಮಾತ್ರ. ಹೀಗಿರುವಾಗ ನಮ್ಮ ಗೆಲುವಿಗಾಗಿ ಆ ಮೂಕಪ್ರಾಣಿಗೆ ನೋವು ಕೊಡುವ ಹಕ್ಕು ನಮಗಿದೆಯೇ?

ಈ ಪ್ರಶ್ನೆ ತೀವ್ರವಾಗಿ ಎದ್ದಿರುವುದು ಜರ್ಮನಿಯಲ್ಲಿ ಹುಟ್ಟಿ ಜಗತ್ತಿಗೆ ಹರಡಿದ ಶ್ವಾನಕ್ರೀಡೆಯೊಂದರಲ್ಲಿ. ಮ್ಯಾಕ್ಸ್ ಫಾನ್ ಸ್ಟೆಫನಿಟ್ಸ್ 1899ರಲ್ಲಿ ಜರ್ಮನ್ ಷೆಫರ್ಡ್ ತಳಿಗಾಗಿ ಸಂಘವೊಂದನ್ನು ಸ್ಥಾಪಿಸಿದರು. ಯಾವ ನಾಯಿ ಕೆಲಸಕ್ಕೆ ಯೋಗ್ಯ, ಯಾವುದರಿಂದ ಸಂತಾನ ಪಡೆಯಬಹುದು ಎಂದು ಅರಿಯಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 'ಶುಟ್ಸ್‌ಹುಂಡ್' ಎಂಬ ಪರೀಕ್ಷೆ ರೂಪುಗೊಂಡಿತು. 'ರಕ್ಷಕ ನಾಯಿ' ಎಂಬುದು ಆ ಪದದ ಅರ್ಥ. ಇಂದು ಐ.ಜಿ.ಪಿ. ಎಂಬ ಹೆಸರಿನಲ್ಲಿ ಅದು ಅಂತರರಾಷ್ಟ್ರೀಯ ಸ್ಪರ್ಧೆಯಾಗಿ ನಡೆಯುತ್ತಿದೆ. ಹೆಜ್ಜೆಯ ಜಾಡು ಹಿಡಿಯುವುದು, ಆಜ್ಞಾಪಾಲನೆ, ರಕ್ಷಣೆ ಎಂದು ಅದರಲ್ಲಿ ಮೂರು ಭಾಗಗಳಿವೆ. ಒಂದೊಂದಕ್ಕೆ 100ರಂತೆ ಒಟ್ಟು 300 ಅಂಕಗಳು.

ಆರಂಭದ ತರಬೇತಿಯಲ್ಲಿ ಬಲಾತ್ಕಾರವೇ ಪ್ರಧಾನವಾಗಿತ್ತು. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ಕೈಪಿಡಿ ಬಹುಕಾಲ ತರಬೇತುದಾರರಿಗೆ ದಾರಿ ತೋರಿಸಿತು. ಮೆಚ್ಚುಗೆಯ ಬೆಲೆ ಅವರಿಗೆ ತಿಳಿದಿರಲಿಲ್ಲವೆಂದಲ್ಲ. ಆದರೂ ಹಗ್ಗದ ಜಗ್ಗು, ಏಟು ಅವರ ಪದ್ಧತಿಯ ಭಾಗವಾಗಿದ್ದವು. ಕುತ್ತಿಗೆಗೆ ಚುಚ್ಚುವ ಮುಳ್ಳುಪಟ್ಟಿಯೂ ಬಳಕೆಯಲ್ಲಿತ್ತು, ಮುಂದೆ ದೂರದಿಂದಲೇ ಗುಂಡಿಯೊತ್ತಿ ವಿದ್ಯುತ್ ಆಘಾತ ಕೊಡಬಲ್ಲ ಪಟ್ಟಿಯೂ ಬಂದಿತು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇವುಗಳಿಂದ ನಾಯಿಗಳು ಕಲಿತವು, ಪದಕಗಳೂ ಬಂದವು. ನೋವು ಕಲಿಸುವುದಿಲ್ಲ ಎಂದು ವಾದಿಸಿದರೆ ಅದು ಸತ್ಯವಾಗದು. ನಾವು ಕೇಳಬೇಕಾದುದು, ನೋವು ಇನ್ನೇನನ್ನು ಕಲಿಸುತ್ತದೆ ಎಂಬುದನ್ನು.

ನೆದರ್ಲೆಂಡ್ಸ್‌ನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ವಿದ್ಯುತ್ ಆಘಾತದಿಂದ ತರಬೇತಿ ಪಡೆದ ಕಾವಲು ನಾಯಿಗಳನ್ನು, ಆಘಾತವಿಲ್ಲದೆ ಕಲಿತ ಅದೇ ಬಗೆಯ ನಾಯಿಗಳೊಡನೆ ಅವರು ಹೋಲಿಸಿ ನೋಡಿದರು. ಆಘಾತ ಕಂಡಿದ್ದ ನಾಯಿಗಳು ತರಬೇತಿ ಮೈದಾನದಲ್ಲಿ ಮಾತ್ರವಲ್ಲ, ಉದ್ಯಾನದಲ್ಲಿ ಅಡ್ಡಾಡುವಾಗಲೂ ಹೆಚ್ಚು ಒತ್ತಡದ ಲಕ್ಷಣಗಳನ್ನು ತೋರಿದವು. ಒಡೆಯನು ಹತ್ತಿರವಿದ್ದಾನೆಂದರೆ ಆಘಾತ ಬರಲಿದೆ ಎಂಬುದನ್ನೇ ಅವು ಕಲಿತಿದ್ದವೆಂದು ಸಂಶೋಧಕರು ತೀರ್ಮಾನಿಸಿದರು. ಯಾರ ಸನಿಹದಲ್ಲಿ ಆ ಪ್ರಾಣಿ ಅಭಯ ಪಡೆಯಬೇಕಿತ್ತೋ ಅವನ ಸನಿಹವೇ ಅದಕ್ಕೆ ಭಯದ ಮುನ್ಸೂಚನೆಯಾಗಿತ್ತು. ಯಾವ ಪದಕ ಈ ನಷ್ಟವನ್ನು ತುಂಬಿಕೊಟ್ಟೀತು?

ಬೇರೆ ದಾರಿಯನ್ನು ತೋರಿಸಿದವುಗಳಲ್ಲಿ ಕಡಲ ಜೀವಿಯೊಂದೂ ಸೇರಿದೆ ಎಂಬುದು ಸ್ವಾರಸ್ಯಕರ. 1960ರ ದಶಕದಲ್ಲಿ ಹವಾಯಿಯಲ್ಲಿ ಕ್ಯಾರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ತರಬೇತಿ ನೀಡುತ್ತಿದ್ದರು. ಡಾಲ್ಫಿನ್‌ಗೆ ಪಟ್ಟಿ ಕಟ್ಟಿ ಎಳೆಯಲಾಗದು. ಗದರಿದರೆ ಅದು ಈಜಿ ದೂರ ಹೋಗುತ್ತದೆ. ಆದುದರಿಂದ ಅದು ಸರಿಯಾದುದನ್ನು ಮಾಡಿದ ಕ್ಷಣದಲ್ಲೇ ಸೀಟಿ ಊದಿ, ಬಳಿಕ ಮೀನು ಕೊಡುವುದೇ ಕ್ರಮ. ಈ ತತ್ತ್ವವನ್ನು ಅವರು 1984ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದರು. ನಾಯಿಗಳ ತರಬೇತಿಯಲ್ಲಿ ಸೀಟಿಯ ಬದಲು 'ಟಿಕ್' ಎಂದು ಸದ್ದು ಮಾಡುವ ಪುಟ್ಟ ಸಾಧನ ಬಂದಿತು. ಕಲಿಯಬೇಕಾದುದನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆಯಲಾಗುತ್ತದೆ. ನಾಯಿ ತಪ್ಪಿದರೆ ಏಟಿಲ್ಲ, ಬಹುಮಾನವಿಲ್ಲ ಅಷ್ಟೆ. ಪದೇ ಪದೇ ತಪ್ಪಿದರೆ ಮೆಟ್ಟಿಲು ಎತ್ತರವಾಯಿತೆಂದು ತರಬೇತುದಾರನೇ ತಿದ್ದಿಕೊಳ್ಳುತ್ತಾನೆ.

ರಕ್ಷಣಾ ಭಾಗದ ಒಂದು ಉದಾಹರಣೆ ನೋಡೋಣ. ಎದುರಾಳಿಯ ಪಾತ್ರ ವಹಿಸಿದವನು ತೋಳಿಗೆ ತೊಟ್ಟ ದಪ್ಪ ಕವಚವನ್ನು ನಾಯಿ ಕಚ್ಚಿ ಹಿಡಿಯಬೇಕು, ಆಜ್ಞೆಯಾದೊಡನೆ ಬಿಡಬೇಕು. ಹುಮ್ಮಸ್ಸಿನಲ್ಲಿರುವ ನಾಯಿಗೆ ಇದು ಬಹು ಕಷ್ಟ. ಬಲಾತ್ಕಾರ ಹೆಚ್ಚಾಗಿ ನುಸುಳುವುದೂ ಇಲ್ಲಿಯೇ. ಆದರೆ ಬಿಟ್ಟ ಕೂಡಲೇ ಮತ್ತೆ ಕಚ್ಚುವ ಅವಕಾಶ ಕೊಟ್ಟು ಕಲಿಸಿದರೆ, ಬಿಡುವುದು ಕಳೆದುಕೊಳ್ಳುವುದಲ್ಲ ಎಂದು ನಾಯಿಗೆ ಅರಿವಾಗುತ್ತದೆ. ಇದಕ್ಕೆ ಬೇಕಾದುದು ತಾಳ್ಮೆ, ಸಮಯ ಮತ್ತು ನಾಯಿಯ ಮನಸ್ಸನ್ನು ಓದುವ ಕಣ್ಣು.

ಪೊಲೀಸ್ ಕೆಲಸದ ನಾಯಿಗಳಿಗೆ ಕಠಿಣ ತರಬೇತಿ ಅನಿವಾರ್ಯವಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲಿ ಜನರ ಪ್ರಾಣರಕ್ಷಣೆಯ ಮಾತನ್ನಾದರೂ ಮುಂದಿಡಬಹುದು. ಆಟದಲ್ಲಿ ಆ ನೆಪವೂ ಇಲ್ಲ. ಸಮಂಜಸ ಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡಕೂಡದೆಂಬುದು ಜರ್ಮನಿಯ ಪ್ರಾಣಿರಕ್ಷಣಾ ಕಾಯಿದೆಯ ಮೂಲಸೂತ್ರ. ವಿದ್ಯುತ್ ಆಘಾತದ ಪಟ್ಟಿಯ ಬಳಕೆ ನಿಷಿದ್ಧವೆಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ 2006ರಲ್ಲಿ ತೀರ್ಪಿತ್ತಿತು. 2022ರಿಂದ ತರಬೇತಿಯಲ್ಲಿ ಮುಳ್ಳುಪಟ್ಟಿಯಂಥ ನೋವಿನ ಸಾಧನಗಳನ್ನೂ ನಿಷೇಧಿಸಲಾಗಿದೆ. ಕ್ರೀಡೆ ಹುಟ್ಟಿದ ನಾಡೇ ಹೀಗೆ ನಿರ್ಧರಿಸಿರುವುದು ಗಮನಾರ್ಹ.

ಆದರೆ ಕಾನೂನು ಎಲ್ಲವನ್ನೂ ಕಾಣಲಾರದು. ತೀರ್ಪುಗಾರರು ನೋಡುವುದು ಮೈದಾನದ ಕೆಲವು ನಿಮಿಷಗಳನ್ನು ಮಾತ್ರ. ತಿಂಗಳುಗಟ್ಟಲೆ ಮನೆಯ ಹಿತ್ತಲಲ್ಲಿ ನಡೆದುದಕ್ಕೆ ಸಾಕ್ಷಿ ನಾಯಿ ಮತ್ತು ಒಡೆಯನ ಆತ್ಮಸಾಕ್ಷಿ ಎರಡೇ. ಏಟು ಕೊಡದಿದ್ದ ಮಾತ್ರಕ್ಕೆ ಕರುಣೆ ಪೂರ್ಣವಾಗುವುದೂ ಇಲ್ಲ. ಬಹುಮಾನಕ್ಕೆ ಆಸೆಪಡಲೆಂದು ನಾಯಿಯನ್ನು ಹಸಿವಿನಲ್ಲಿ ಕೆಡಹುವುದು, ದಣಿದಿದ್ದರೂ ಓಡಿಸುವುದು ಕ್ರೌರ್ಯವೇ ಸರಿ. ತುತ್ತು ಕೊಡುವ ಕೈಯೂ ಸ್ವಾರ್ಥದಿಂದ ಕಠಿಣವಾಗಬಲ್ಲದು.

ಆದುದರಿಂದ ಈ ಪ್ರಶ್ನೆ ಕೊನೆಗೆ ವಿಧಾನದ್ದಷ್ಟೇ ಅಲ್ಲ, ನಮ್ಮ ಆಸೆಯ ಮಿತಿಯದು. ಮೃದುವಾದ ವಿಧಾನದಿಂದ 280 ಅಂಕಗಳು ಬಂದು, ಉಳಿದ ಕೆಲವು ಅಂಕಗಳಿಗೆ ನೋವೇ ಬೇಕೆಂದಾದರೆ, ಆ ಅಂಕಗಳನ್ನು ಬಿಟ್ಟುಕೊಡುವ ಧೈರ್ಯ ಒಡೆಯನಿಗೆ ಇರಬೇಕು. ಕಚ್ಚಿದ್ದನ್ನು ಬಿಡೆಂದು ನಾಯಿಗೆ ಕಲಿಸುವವನು ತಾನೂ ಅದನ್ನು ಕಲಿತಿರಬೇಡವೇ? ನಮ್ಮಲ್ಲಿ ಅನೇಕರು ಇಂಥ ಸ್ಪರ್ಧೆಯನ್ನು ಕಂಡವರಲ್ಲ. ಆದರೆ ನಮ್ಮ ಅಂಗಳದಲ್ಲೂ ನಾಯಿಯೊಂದು ನಮ್ಮ ದನಿ ಕೇಳಿ ಓಡಿಬರುತ್ತದೆ. ಅದು ಬಾಲವಾಡಿಸುತ್ತಾ ಬರುತ್ತದೆಯೋ, ಬಾಲ ಮುದುರಿಕೊಂಡು ಬರುತ್ತದೆಯೋ ಎಂಬುದನ್ನು ಗಮನಿಸಿದರೆ, ನಾವು ಅದಕ್ಕೆ ಕಲಿಸಿರುವುದೇನೆಂದು ನಮಗೇ ತಿಳಿದೀತು.