ಸರಮೆಗೆ ಏನು ಹೇಳುವುದು

ಮಂಗಳವಾರ ನಾನು ನಾಯಿಯ ಉಗುರು ಮುಟ್ಟುವುದಿಲ್ಲ. ಶಾಸ್ತ್ರ ನೋಡಿ ಮಾಡಿಕೊಂಡ ನೇಮವಲ್ಲ. ಸಾರಕ್ಕಿಯಲ್ಲಿದ್ದ ಅಪ್ಪನ ಕಟಿಂಗ್ ಶಾಪಿಗೆ ಮಂಗಳವಾರ ರಜ. ನಮ್ಮ ಕಡೆಯ ಬಹುಪಾಲು ಕ್ಷೌರದಂಗಡಿಗಳಿಗೆ ಇವತ್ತಿಗೂ ಅಂದೇ ರಜ. ಅದು ನನ್ನ ಮೈಗೂ ಹತ್ತಿಬಿಟ್ಟಿದೆ. ಶುಕ್ರವಾರದ ರಜ ಮಾತ್ರ ಗಿರಾಕಿಗಳು ಕೊಟ್ಟದ್ದು. ಜಯನಗರ, ಬನಶಂಕರಿಯ ಹಳೇ ಮನೆಗಳಿಗೆ ಶುಕ್ರವಾರ ಬರುತ್ತೇನೆಂದರೆ ಫೋನಿನಲ್ಲೇ ದನಿ ಬದಲಾಗುತ್ತದೆ. "ಲಕ್ಷ್ಮೀವಾರ ಕಣಪ್ಪಾ, ನಾಳೆ ಬಾ... ಅಯ್ಯೋ, ಶನಿವಾರಾನೂ ಬೇಡ, ಭಾನುವಾರ ಬಾ." ದೀಪ ಹಚ್ಚಿದ ಮೇಲಂತೂ ಕ್ಲಿಪ್ಪರ್ ಚೀಲದಿಂದ ಹೊರಗೆ ಬರುವ ಹಾಗೇ ಇಲ್ಲ. ನಾಲ್ಕನೇ ಟಿ ಬ್ಲಾಕಿನ ಅಜ್ಜಿಯೊಬ್ಬರನ್ನು ಕೇಳಿಯೇಬಿಟ್ಟೆ, "ನಾಯಿಗೂ ವಾರ ಗೀರ ಇದ್ಯಾಮ್ಮಾ?" ಅವರು ತಡಮಾಡಲಿಲ್ಲ. "ನಾಯಿಗಿಲ್ಲ. ಉಗುರು ಬೀಳೋದು ನಮ್ಮನೆ ನೆಲದ ಮೇಲಲ್ವೇ?"

ಉತ್ತರ ಚುರುಕಾಗಿತ್ತು. ಆದರೆ ಅದರಲ್ಲಿ ನಾಯಿ ಇರಲಿಲ್ಲ. ಉಗುರಿನ ಬಗ್ಗೆ ನಮ್ಮಲ್ಲಿರುವ ಕಟ್ಟುಪಾಡುಗಳೆಲ್ಲ ಹೀಗೇ: ಯಾವ ವಾರ, ಯಾವ ಹೊತ್ತು, ಕತ್ತರಿಸಿದ್ದನ್ನು ಎಲ್ಲಿ ಹಾಕಬೇಕು, ಮುಟ್ಟಿದವರು ಸ್ನಾನ ಮಾಡಬೇಕೇ. ಎಲ್ಲವೂ ಮಡಿ ಮೈಲಿಗೆಯ ಲೆಕ್ಕ. ನಮ್ಮ ತಾತ ಮನುಷ್ಯರ ಉಗುರು ತೆಗೆಯುತ್ತಿದ್ದವರು. ಹಿತ್ತಲ ಬಾಗಿಲಿನಿಂದ ಹೋಗಿ ಹಿತ್ತಲಲ್ಲೇ ಕೂತು ಕೆಲಸ ಮುಗಿಸಿ ಬರುತ್ತಿದ್ದರಂತೆ. ನಾಯಿಯ ಉಗುರು ತೆಗೆಯುವ ನನಗೆ ನಡುಮನೆಯಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ಬಡ್ತಿ ಸಿಕ್ಕಿದ್ದು ನನಗೋ ನಾಯಿಗೋ ಎಂದು ಒಳಗೊಳಗೇ ನಗು ಬರುತ್ತದೆ. ಇರಲಿ. ನನ್ನನ್ನು ಕಾಡುವುದು ಮೈಲಿಗೆಯ ಪ್ರಶ್ನೆಯಲ್ಲ. ಬಾಯಿಲ್ಲದ ಜೀವವೊಂದನ್ನು ಅದರ ಒಳ್ಳೆಯದಕ್ಕೆಂದೇ ಅದುಮಿ ಹಿಡಿದು, ಅದು ಒಲ್ಲೆನೆಂದು ಕಾಲೆಳೆದುಕೊಳ್ಳುವಾಗಲೂ ಕೆಲಸ ಮುಂದುವರಿಸಿದರೆ, ಆ ನೋವು ಯಾರ ಲೆಕ್ಕಕ್ಕೆ ಹೋಗುತ್ತದೆ?

ಬೀದಿನಾಯಿಗೆ ಯಾರು ಉಗುರು ತೆಗೀತಾರೆ ಎಂದು ಎಲ್ಲರೂ ಕೇಳುತ್ತಾರೆ. ಸರಿಯಾದ ಮಾತೇ. ಬಿಟಿಎಂ ಲೇಔಟಿನ ಕಾಂಕ್ರೀಟ್ ರಸ್ತೆಯಲ್ಲಿ ದಿನವಿಡೀ ಓಡಾಡುವ ನಾಯಿಯ ಉಗುರು ತಾನಾಗಿ ಸವೆಯುತ್ತದೆ. ಅದೇ ನಾಯಿಯನ್ನು ಮೂರನೇ ಮಹಡಿಯ ಫ್ಲಾಟಿಗೆ ತಂದು ನುಣುಪು ಟೈಲ್ಸ್ ಮೇಲೆ ಸಾಕಿದರೆ ಸವೆಯುವುದೆಲ್ಲಿ? ಬೆಳೆದ ಉಗುರು ನೆಲಕ್ಕೆ ಒತ್ತಿ ಬೆರಳನ್ನು ಹಿಂದಕ್ಕೆ ತಳ್ಳುತ್ತದೆ, ನಡಿಗೆ ಕೆಡುತ್ತದೆ, ವಯಸ್ಸಾದ ನಾಯಿಗೆ ಕೀಲುನೋವಿನ ಜೊತೆ ಇದೊಂದು. ಮುಂಗಾಲಿನ ಒಳಬದಿಯಲ್ಲಿ, ಸ್ವಲ್ಪ ಮೇಲೆ, ಹೆಬ್ಬೆರಳ ಜಾಗದಲ್ಲಿ ಒಂದು ಉಗುರಿರುತ್ತದೆ. ಅದು ನಡೆಯುವಾಗ ನೆಲಕ್ಕೆ ಉಜ್ಜುವುದಿಲ್ಲ. ಬಿಟ್ಟರೆ ಸುತ್ತಿ ಬಂದು ತನ್ನದೇ ಮಾಂಸಕ್ಕೆ ಚುಚ್ಚಿಕೊಳ್ಳುತ್ತದೆ.

ಹಾಗೆ ಚುಚ್ಚಿಕೊಂಡದ್ದನ್ನು ಜಯನಗರದ ಒಂದು ಜೈನರ ಮನೆಯಲ್ಲಿ ನೋಡಿದೆ. ಮನೆಯ ಹಿರಿಯರು ನಿವೃತ್ತ ಮೇಷ್ಟ್ರು. ಹೊತ್ತು ಮುಳುಗಿದ ಮೇಲೆ ಊಟ ಮಾಡದವರು, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದವರು. ಗೇಟಿನ ಮುಂದೆ ಮಲಗುತ್ತಿದ್ದ ಬೀದಿನಾಯಿ ಮುದಿಯಾದಾಗ ಒಳಗೆ ಸೇರಿಸಿಕೊಂಡಿದ್ದರು. ಅದರ ಉಗುರಿಗೆ ಕತ್ತರಿ ಇಡಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. ಎಲ್ಲಿ ರಕ್ತ ಬಂದುಬಿಡುತ್ತದೋ ಎಂಬ ಭಯ. ಯಾವ ಜೀವಕ್ಕೂ ನೋವಾಗಬಾರದೆಂದು ಕೈಕಟ್ಟಿ ಕೂತ ಮನೆಯಲ್ಲಿ ನಾಯಿ ಕುಂಟುತ್ತಿತ್ತು. ಉಗುರು ಹೊಕ್ಕಲ್ಲಿ ಕೀವು ತುಂಬಿತ್ತು. ಅದು ನನ್ನ ಕೈಯ ಕೆಲಸವಲ್ಲ, ಡಾಕ್ಟರ ಹತ್ತಿರ ಕಳಿಸಿದೆ. ಹುಣ್ಣು ಮಾಗಿದ ಮೇಲೆ ಉಳಿದ ಉಗುರುಗಳಿಗಾಗಿ ಹೋದಾಗ ನಮ್ಮಿಬ್ಬರ ವಾದ ಶುರುವಾಯಿತು.

ಮೇಷ್ಟ್ರು ತಮ್ಮ ವಿರುದ್ಧವೇ ಸಾಕ್ಷಿ ಹೇಳಬಲ್ಲ ಮನುಷ್ಯ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯ ತೆಗೆದು ನನ್ನ ಮುಂದಿಟ್ಟರು. ಹಿಂಸೆ ಎಂದರೇನೆಂದು ಹೇಳುವಾಗ ಆ ಗ್ರಂಥ ಬರೀ ಪ್ರಾಣಹಾನಿ ಎನ್ನುವುದಿಲ್ಲ, ಪ್ರಮಾದದಿಂದಾದ ಪ್ರಾಣಹಾನಿ ಎನ್ನುತ್ತದೆ. ಅಮೃತಚಂದ್ರರ ಪುರುಷಾರ್ಥಸಿದ್ಧ್ಯುಪಾಯ ಅದನ್ನೇ ಬಿಡಿಸಿ ಹೇಳುತ್ತದೆ. ರಾಗದ್ವೇಷವಿಲ್ಲದೆ ಎಚ್ಚರದಿಂದ ನಡೆಯುವವನಿಂದ ಜೀವಕ್ಕೆ ಪೆಟ್ಟಾದರೂ ಅದು ಹಿಂಸೆಯಲ್ಲ. ಎಚ್ಚರ ತಪ್ಪಿದವನಿಂದ ಯಾವ ಜೀವವೂ ಸಾಯದಿದ್ದರೂ ಅವನಿಗೆ ಹಿಂಸೆಯ ದೋಷ ತಪ್ಪಿದ್ದಲ್ಲ. "ಲೆಕ್ಕ ಗೊತ್ತಾಯ್ತಾ? ನಾವು ಸುಮ್ಮನೆ ಬಿಟ್ಟದ್ದೇ ಹಿಂಸೆ. ನೀವು ರಕ್ತ ಬರಿಸಿದರೂ ಹಿಂಸೆಯಲ್ಲ," ಎಂದರು.

ಇದನ್ನು ಕೇಳಿ ನನಗೆ ಖುಷಿಯಾಗಬೇಕಿತ್ತು. ಒಂದು ತರಹದ ಸರ್ಟಿಫಿಕೇಟೇ ಅದು. ಆದರೆ ಸರ್ಟಿಫಿಕೇಟ್ ಕೊಟ್ಟವರು ಮೇಷ್ಟ್ರು, ನಾಯಿಯಲ್ಲ. ನನ್ನ ಮನಸ್ಸು ಶುದ್ಧವಾಗಿತ್ತು ಎಂಬುದು ನನ್ನ ಕರ್ಮದ ಖಾತೆಗೆ ಜಮಾ ಆಗಬಹುದು. ನನ್ನ ಮನಸ್ಸಿನಲ್ಲಿ ಏನಿತ್ತೆಂದು ನಾಯಿಗೆ ಹೇಗೆ ಗೊತ್ತು? ಅದಕ್ಕೆ ಗೊತ್ತಿರುವುದು ಕಾಲು ಬಿಗಿಹಿಡಿದ ಕೈ, ಕಟ್ ಎಂಬ ಸದ್ದು, ಆಮೇಲೆ ಉರಿ. ಕಾನೂನಿನದೂ ಅದೇ ಪಾಡು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಮೂರನೇ ಕಲಮು ಸಾಕಿದವರ ಕರ್ತವ್ಯ ಹೇಳುವಾಗ ಅನಗತ್ಯ ನೋವನ್ನು ತಪ್ಪಿಸಬೇಕು ಎನ್ನುತ್ತದೆ. ಅಗತ್ಯ ಯಾವುದು, ಅನಗತ್ಯ ಯಾವುದು ಎಂದು ತೀರ್ಮಾನಿಸುವ ಪಂಚಾಯಿತಿಯಲ್ಲಿ ನಾಯಿಗೆ ಕುರ್ಚಿಯಿಲ್ಲ.

ಇಂಥ ಮಾತು ಬಂದಾಗಲೆಲ್ಲ ಜನ ಧರ್ಮರಾಯನ ನಾಯಿಯನ್ನು ಕರೆತರುತ್ತಾರೆ. ನನಗೆ ಆ ಕಥೆಯಿಂದ ಅಷ್ಟು ಉಪಯೋಗ ಕಂಡಿಲ್ಲ. ಆ ನಾಯಿ ಕೊನೆಗೆ ಯಮಧರ್ಮನೇ ಆಗಿಬಿಡುತ್ತದೆ. ದೇವರನ್ನು ಬಿಡದೆ ಕಾಯ್ದದ್ದರಲ್ಲಿ ಏನು ಹೆಚ್ಚುಗಾರಿಕೆ? ಮಹಾಭಾರತದ ಆ ತುದಿಯಲ್ಲಿ ಈ ನಾಯಿ ಇದ್ದರೆ ಈ ತುದಿಯಲ್ಲಿ, ಆದಿಪರ್ವದಲ್ಲಿ, ಇನ್ನೊಂದಿದೆ. ಜನಮೇಜಯನ ಯಾಗ ನಡೆಯುವಲ್ಲಿಗೆ ಸರಮೆ ಎಂಬ ನಾಯಿಯ ಮರಿ ಹೋಗುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಮರಿ ಅಳುತ್ತಾ ತಾಯಿಯ ಹತ್ತಿರ ಬರುತ್ತದೆ. ತಾಯಿ ಮೊದಲು ಅನುಮಾನಿಸುವುದು ಮಗನನ್ನೇ: ನೀನೇ ಏನೋ ತಪ್ಪು ಮಾಡಿರಬೇಕು. ಇಲ್ಲ, ನಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಎನ್ನುತ್ತದೆ ಮರಿ. ಆಗ ಸರಮೆ ನೇರ ಯಾಗಶಾಲೆಗೇ ಹೋಗಿ ಕೇಳುತ್ತಾಳೆ, ಏನೂ ತಪ್ಪು ಮಾಡದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು. ಅಷ್ಟು ದೊಡ್ಡ ಸಭೆಯಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸಿ ಹೊರಡುತ್ತಾಳೆ. ಉಗುರು ತೆಗೆಸಿಕೊಳ್ಳುವ ನಾಯಿಯ ತಾಯಿ ಬಂದು ನನ್ನನ್ನು ಹಾಗೆ ಕೇಳಿದರೆ ಏನು ಹೇಳಲಿ? ನನ್ನ ಭಾವ ಶುದ್ಧವಾಗಿತ್ತಮ್ಮಾ ಎಂದೇ?

"ನಾಯಿಗೂ ಖಾತೆ ಇದೆಯಪ್ಪಾ," ಎಂದರು ಮೇಷ್ಟ್ರು. ಅವರ ಮತದಲ್ಲಿ ನಾಯಿ ಐದು ಇಂದ್ರಿಯಗಳ ಜೊತೆ ಮನಸ್ಸೂ ಇರುವ ಜೀವ. ವ್ರತ ಹಿಡಿಯುವ ಯೋಗ್ಯತೆಯೂ ಅಂಥ ಪ್ರಾಣಿಗಳಿಗೆ ಇದೆ. ನನಗೆ ತಟ್ಟನೆ ಆತಕೂರಿನ ಕಲ್ಲು ನೆನಪಾಯಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿರುವ, ಸುಮಾರು 950ನೇ ಇಸವಿಯ ವೀರಗಲ್ಲು. ತಕ್ಕೋಲದ ಯುದ್ಧವಾದ ಮೇಲೆ ಮಣಲೇರ ಎಂಬ ವೀರ ಮೆಚ್ಚುಗೆಯಾಗಿ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ದೊಡ್ಡದೊಂದು ಹಂದಿಯ ಜೊತೆ ಕಾದಿತು, ಎರಡೂ ಸತ್ತವು. ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆಗೆ ಗೊರವನನ್ನು ನೇಮಿಸಿದರು. ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಬರಲಿ ಎಂದು ಕೆತ್ತಿದೆ. ಸಾವಿರ ವರ್ಷದ ಹಿಂದೆ ನಮ್ಮವರು ನಾಯಿಗೆ ಪಾಪವಿದೆ ಎಂದು ನಂಬಿದ್ದರು. ಪಾಪವಿದ್ದ ಮೇಲೆ ತಾನು ಒಲ್ಲೆ ಎನ್ನುವ ಹಕ್ಕೂ ಇರಬೇಕಲ್ಲ!

ಇದನ್ನೆಲ್ಲ ಮಾತಾಡುವಾಗ ಮುದಿನಾಯಿ ನನ್ನ ಮುಂದೆ ಒರಗಿ ಮಲಗಿತ್ತು. ಕರಿ ಉಗುರು. ಬಿಳಿ ಉಗುರಾದರೆ ಒಳಗಿನ ಗುಲಾಬಿ ಜೀವಭಾಗ ಬೆಳಕಿನಲ್ಲಿ ಕಾಣುತ್ತದೆ, ಅದಕ್ಕಿಂತ ಎರಡು ಮಿಲಿಮೀಟರ್ ಈಚೆ ನಿಲ್ಲಿಸಿದರಾಯಿತು. ಕರಿ ಉಗುರಿನಲ್ಲಿ ಏನೂ ಕಾಣುವುದಿಲ್ಲ. ಪಾದವನ್ನು ಅದರ ಸಹಜ ಮಟ್ಟಕ್ಕಿಂತ ಮೇಲೆ ಎತ್ತದೆ, ಹೆಬ್ಬೆರಳಿಂದ ಬೆರಳಿನ ಬುಡ ಹಿಡಿದು, ಕೂದಲು ಹಿಂದಕ್ಕೆ ಸರಿಸಿ, ತುದಿಯನ್ನು ಅಕ್ಕಿಕಾಳಿನಷ್ಟೂ ದಪ್ಪವಿಲ್ಲದ ಚೂರುಗಳಾಗಿ ತೆಗೆಯುತ್ತ ಹೋಗಬೇಕು. ಪ್ರತಿ ಚೂರಿನ ನಂತರವೂ ಕತ್ತರಿಸಿದ ಮುಖವನ್ನು ನೋಡಬೇಕು. ಮೊದಲು ಒಣ ಸುಣ್ಣದ ಬಣ್ಣದ ಪುಡಿಪುಡಿ. ಆಮೇಲೆ ಬೂದು. ನಡುವೆ ಒಂದು ಕಪ್ಪು, ಹಸಿ ಹೊಳಪಿನ ಚುಕ್ಕೆ ಕಂಡ ತಕ್ಷಣ ನಿಲ್ಲಿಸಬೇಕು. ಅದರಾಚೆ ರಕ್ತನಾಳ, ನರ ಎರಡೂ ಇವೆ. ಬಹಳ ಕಾಲ ಬಿಟ್ಟ ಉಗುರಿನಲ್ಲಿ ಈ ಜೀವಭಾಗವೂ ಉದ್ದ ಬೆಳೆದಿರುತ್ತದೆ. ಒಂದೇ ಸಲಕ್ಕೆ ಗಿಡ್ಡ ಮಾಡುತ್ತೇನೆಂದರೆ ಆಗದು. ವಾರ ವಾರ ಚೂರು ಚೂರೇ ತೆಗೆದರೆ ಅದು ಹಿಂದೆ ಸರಿಯುತ್ತದೆ. ಮನುಷ್ಯರ ನೇಲ್‌ಕಟರ್ ದಪ್ಪ ಉಗುರನ್ನು ಕತ್ತರಿಸುವುದಿಲ್ಲ, ಹಿಸುಕುತ್ತದೆ. ಮೊಂಡ ಕ್ಲಿಪ್ಪರ್ ಕೂಡ ಅಷ್ಟೇ.

ನಾಯಿಯೂ ಅಷ್ಟು ಹೊತ್ತು ಮಾತಾಡುತ್ತಲೇ ಇರುತ್ತದೆ. ತುಟಿ ನೆಕ್ಕುತ್ತದೆ, ನಿದ್ದೆ ಬರದಿದ್ದರೂ ಆಕಳಿಸುತ್ತದೆ, ತಲೆ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ತೋರಿಸುತ್ತದೆ. ಇವೆಲ್ಲ ಸಾಕು ಎನ್ನುವುದಕ್ಕೆ ಅದರ ಮಾತುಗಳು. (ಮನೆಮಂದಿಯೆಲ್ಲ ತಮ್ಮತಮ್ಮಲ್ಲಿ ಕನ್ನಡ ಆಡಿ ನಾಯಿಗೆ ಮಾತ್ರ "ಸಿಟ್", "ಸ್ಟೇ" ಎನ್ನುವುದು ಯಾಕೋ ಕಾಣೆ. ಮೇಷ್ಟ್ರ ಮನೆಯೊಂದರಲ್ಲೇ "ಕೂತ್ಕೋಳಪ್ಪ" ಎಂದು ಕೇಳಿಸಿಕೊಂಡದ್ದು.)

ಇನ್ನು ರಕ್ತ. ಬಿಟಿಎಂನಿಂದ ಇಬ್ಬರು ಹುಡುಗರು ರಾತ್ರಿ ಫೋನ್ ಮಾಡಿದ್ದರು. ತಾವೇ ಉಗುರು ತೆಗೆಯಲು ಹೋಗಿದ್ದಾರೆ, ಬಿಳಿ ಟೈಲ್ಸ್ ತುಂಬ ರಕ್ತದ ಹೆಜ್ಜೆ. "ಅಣ್ಣಾ, ಸತ್ತೋಗುತ್ತಾ?" ಇವರು ಓಡಾಡಿದಂತೆ ನಾಯಿಯೂ ಓಡಾಡುತ್ತಿತ್ತು, ಓಡಾಡಿದಷ್ಟೂ ರಕ್ತ ಹರಿಯುತ್ತಿತ್ತು. ಮೊದಲು ನೀವು ಕೂತ್ಕೊಳ್ಳಿ ಎಂದೆ. ಶುದ್ಧ ಬಟ್ಟೆಯಿಂದ ಉಗುರಿನ ತುದಿಯನ್ನು ಒತ್ತಿ. ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿ ಇಲ್ಲವೆಂದಾದರೆ ಕಾರ್ನ್‌ಫ್ಲೋರ್ ತುದಿಗೆ ಮೆತ್ತಿ ಒತ್ತಿಹಿಡಿಯಿರಿ. ಗಡಿಯಾರ ನೋಡಿ ಐದು ನಿಮಿಷ. ನಡುವೆ ನಿಂತಿತೇ ಎಂದು ಎತ್ತಿ ನೋಡಬಾರದು, ಎತ್ತಿದರೆ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ನಿಂತ ಮೇಲೆ ಕಾಲಿಗೆ ಕಾಲುಚೀಲ ಹಾಕಿ, ನೆಕ್ಕಲು ಬಿಡಬೇಡಿ, ಇವತ್ತು ಮಣ್ಣಿನಲ್ಲಿ ವಾಕಿಂಗ್ ಬೇಡ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಬೆಂಗಳೂರಿನ ನಾಯಿಗಳಿಗೆ ಉಣ್ಣೆಹುಳದಿಂದ ಬರುವ ಟಿಕ್ ಫೀವರ್ ಸಾಮಾನ್ಯ. ಅದರಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಉಗುರಿನ ರಕ್ತ ನಿಲ್ಲದಾಗಲೇ ಆ ಜ್ವರ ಗೊತ್ತಾಗುವುದೂ ಉಂಟು. ಹುಡುಗರ ನಾಯಿಗೆ ಅಂಥದ್ದೇನೂ ಇರಲಿಲ್ಲ. ಐದು ನಿಮಿಷಕ್ಕೆ ನಿಂತಿತು.

ಅಪ್ಪನ ಅಂಗಡಿಯಲ್ಲಿ ಈ ಕೆಲಸಕ್ಕೆ ಪಟಿಕದ ಕಲ್ಲಿತ್ತು. ಗಡ್ಡ ಹೆರೆಯುವಾಗ ಗೀರಿದರೆ ಒದ್ದೆ ಮಾಡಿ ಉಜ್ಜುತ್ತಿದ್ದರು, ಗಿರಾಕಿ ಸ್ಸ್ ಎನ್ನುತ್ತಿದ್ದ. ಆದರೆ ಆ ಗಿರಾಕಿ ತಾನಾಗಿ ಬಂದು ಕುರ್ಚಿಯಲ್ಲಿ ಕೂತವನು. ಯಾಕೆ ಉರಿಯುತ್ತಿದೆ ಎಂದು ಅವನಿಗೆ ಹೇಳಬಹುದಿತ್ತು.

ನಾಯಿಗೆ ಹೇಳಲಾಗದ್ದನ್ನು ಕೈಯಿಂದಲೇ ಹೇಳಬೇಕು ಎನ್ನುವುದು ನನ್ನ ವಾದ. ಹರಿತವಾದ ಬ್ಲೇಡು, ಸರಿಯಾದ ಹಿಡಿತ, ಚುಕ್ಕೆ ಕಂಡಲ್ಲಿ ನಿಲ್ಲುವ ಕಣ್ಣು, ಪಕ್ಕದಲ್ಲಿ ಮೊದಲೇ ತೆರೆದಿಟ್ಟ ಪುಡಿಯ ಡಬ್ಬಿ. ದಯೆಯಲ್ಲಿ ನಾಯಿಗೆ ತಲುಪುವ ಪಾಲು ಇಷ್ಟೇ. ಉಳಿದದ್ದು ನನಗೂ ನನ್ನ ದೇವರಿಗೂ ಬಿಟ್ಟದ್ದು. ಕೆಲಸ ಕಲಿಯದೆ ಪ್ರೀತಿ ಮಾತ್ರ ಇಟ್ಟುಕೊಂಡು ಕ್ಲಿಪ್ಪರ್ ಹಿಡಿಯುವುದನ್ನು ನಾನು ದಯೆ ಎನ್ನಲಾರೆ, ಎಷ್ಟೇ ಕಣ್ಣೀರು ಸುರಿಸಲಿ.

ಮೇಷ್ಟ್ರು ಇದನ್ನು ಒಪ್ಪಲಿಲ್ಲ. "ಕೈಚಳಕವೇ ದಯೆ ಅಂದರೆ ಕಟುಕನಿಗೂ ದಯೆ ಇದೆ ಅನ್ನಬೇಕಾಗುತ್ತೆ. ಅವನ ಕೈಯೂ ಚುರುಕೇ."

"ಅವನು ಮುಂದಿನ ತಿಂಗಳು ಅದೇ ಕುರಿ ಹತ್ತಿರ ಹೋಗಬೇಕಾಗಿಲ್ಲ ಮೇಷ್ಟ್ರೇ. ನಾನು ಹೋಗಬೇಕು. ಸ್ಕೂಟರ್ ಸದ್ದಿಗೇ ದಿವಾನದ ಕೆಳಗೆ ನುಗ್ಗುತ್ತೋ, ಗೇಟಿಗೆ ಬರುತ್ತೋ, ಅಲ್ಲೇ ತೀರ್ಮಾನ."

"ನೀವು ಬಿಸ್ಕತ್ತು ಕೊಡ್ತೀರಿ. ಅದಕ್ಕೆ ಬರುತ್ತೆ. ಲಂಚ ಕೊಟ್ಟು ತಗೊಂಡ ಒಪ್ಪಿಗೆ ಒಪ್ಪಿಗೆಯೇ?"

ಇದು ಗಟ್ಟಿ ಪ್ರಶ್ನೆ, ನಾನು ಬಾಯಲ್ಲಿ ಉತ್ತರ ಕೊಡಲು ಹೋಗಲಿಲ್ಲ. ಅವತ್ತಿನಿಂದ ಅವರ ಮನೆಯಲ್ಲಿ ಹೀಗೆ ಮಾಡುತ್ತೇನೆ: ಒಂದು ಪಾದ ಮುಗಿದ ಮೇಲೆ ಬಿಸ್ಕತ್ತಿನ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕುತ್ತೇನೆ, ಬೆಲ್ಟ್ ಬಿಚ್ಚುತ್ತೇನೆ, ವರಾಂಡದ ಬಾಗಿಲು ತೆರೆದಿಡುತ್ತೇನೆ. ನಾಯಿ ಎದ್ದು ಹೋದರೆ ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು, ಉಳಿದ ಪಾದ ಇನ್ನೊಂದು ದಿನ. ಎಷ್ಟು ಸಲ ಬಂದರೂ ದುಡ್ಡು ಒಂದೇ ಸಲದ್ದು. ಸಾಮಾನ್ಯವಾಗಿ ಅದು ಎದ್ದು ಹೋಗುತ್ತದೆ. ಕೆಲವು ದಿನ ಮಾತ್ರ ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ತಲೆ ಕೆಳಗಿಟ್ಟು ಅಲ್ಲೇ ಮಲಗುತ್ತದೆ. ಮಂಡಿನೋವಿಗೆ ಏಳಲಾಗದೆ ಮಲಗಿರಬಹುದು ಎನ್ನುತ್ತಾರೆ ಮೇಷ್ಟ್ರು.