ಒಂದು ಹಾಳೆ ಹಿಡಿದು ಹೋದರೆ

ಪಿಎಚ್‌ಡಿ ಮಹಾಪ್ರಬಂಧ ಯಾಕೆ ಅರ್ಧಕ್ಕೆ ನಿಲ್ಲುತ್ತದೆ ಎಂದು ಕೇಳಿದರೆ ವಿಷಯ ಸರಿಯಿರಲಿಲ್ಲ, ದುಡ್ಡಿರಲಿಲ್ಲ, ಗೈಡ್ ಸಿಗಲಿಲ್ಲ ಎಂಬ ಉತ್ತರಗಳು ಬರುತ್ತವೆ. ನಾರಾಯಣಪೇಟೆ, ಮಖ್ತಲ್, ಗದ್ವಾಲದ ಕಡೆಯಿಂದ ಬಂದು ಸಂಶೋಧನೆಗೆ ಕೂತವರ ಕರಡುಗಳನ್ನು ಓದುತ್ತ ಬಂದ ನನಗೆ ಕಂಡದ್ದು ಬೇರೆ. ಇಲ್ಲಿ ಪ್ರಬಂಧ ನಿಲ್ಲುವುದು ಸಾಮಗ್ರಿಯೆಲ್ಲ ಕೈಗೆ ಬಂದ ಮೇಲೆ. ಊರೂರು ಅಲೆದಿರುತ್ತಾರೆ, ಚೀಲದ ತುಂಬ ಜೆರಾಕ್ಸ್ ಇರುತ್ತದೆ, ಫೋನಿನ ತುಂಬ ರಿಜಿಸ್ಟರುಗಳ ಫೋಟೊ ಇರುತ್ತವೆ. ಆಮೇಲೆ ಒಂದು ಮೌನ ಶುರುವಾಗುತ್ತದೆ. ಗೈಡ್‌ಗೆ ಫೋನ್ ಮಾಡುವುದು ಕಡಿಮೆಯಾಗುತ್ತದೆ, ವಿಭಾಗದ ಕಡೆ ಕಾಲು ಹೋಗುವುದಿಲ್ಲ. ಊರಲ್ಲಿ ಯಾರಾದರೂ ‘ಎಲ್ಲಿಗೆ ಬಂತವಾ ನಿನ್ನ ಬರಿಯೋದು?’ ಎಂದು ಅಕ್ಕರೆಯಿಂದ ಕೇಳಿದರೂ ಮಾತು ತಪ್ಪಿಸಿಕೊಂಡು ಹೋಗುವಂತಾಗುತ್ತದೆ.

ಮಾಹಿತಿಗಾಗಿ ಅಲೆಯುವಾಗ ಎಲ್ಲರೂ ಕೈ ಹಿಡಿಯುತ್ತಾರೆ. ಹೆಡ್‌ಮಾಸ್ತರು ಬೀರು ತೆಗೆದು ಕೊಡುತ್ತಾರೆ, ಯಾರದೋ ಮನೆಯಲ್ಲಿ ಊಟವಾಗುತ್ತದೆ. ಬರೆಯಲು ಕೂತಾಗ ಮಾತ್ರ ಯಾರೂ ಇಲ್ಲ. ಅಲ್ಲಿಯವರೆಗೆ ಕೇಳಿಯೇ ಬದುಕಿದವರು ಅಲ್ಲಿ ಕೇಳುವುದನ್ನು ನಿಲ್ಲಿಸಿಬಿಡುತ್ತಾರೆ. ಬರೆಯುವುದು ಒಬ್ಬರೇ ಮಾಡಬೇಕಾದ ಕೆಲಸ, ಅದರಲ್ಲಿ ಸಹಾಯ ಕೇಳಿದರೆ ತಾನು ಯೋಗ್ಯಳಲ್ಲ ಎಂದಂತೆ ಎಂಬ ಭಾವನೆ ಎಲ್ಲಿಂದಲೋ ಬಂದು ಕೂತಿರುತ್ತದೆ. ಮನೆಯಲ್ಲಿ ಹತ್ತನೇ ತರಗತಿ ದಾಟಿದ ಮೊದಲಿಗರಿಗೆ ಇದು ಇನ್ನೂ ಹೆಚ್ಚು. ಓದಿದ ಮನೆಯ ಮಕ್ಕಳಿಗೆ ಕರಡು ಎಂದರೆ ತಿದ್ದಿಸಿಕೊಳ್ಳುವ ವಸ್ತು ಎಂದು ಚಿಕ್ಕಂದಿನಿಂದ ಗೊತ್ತಿರುತ್ತದೆ. ಇವರಿಗೆ ಅದು ತೀರ್ಪಿಗೆ ಕೊಡುವ ವಸ್ತು.

ಕೃಷ್ಣಾ ಮಂಡಲದ ಹಳ್ಳಿಯೊಂದರ ಹೆಣ್ಣುಮಗಳೊಬ್ಬಳ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ತೆಲಂಗಾಣದಲ್ಲಿದ್ದೇ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಮುಂದಿನ ಓದಿಗೆ ಹೊಳೆ ದಾಟಿ ರಾಯಚೂರಿಗೆ ಹೋದವಳು. ವಿಷಯ, ಈ ಗಡಿಯ ಕನ್ನಡ ಶಾಲೆಗಳು. ಸರಳವಾಗಿ ಕಾಣುವ ಈ ವಿಷಯದ ಒಳಗೆ ಇಳಿದರೆ ಕಾಲಿಗೆ ನೆಲ ಸಿಗುವುದಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು, ಗುಲಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಮಖ್ತಲ್, ನಾರಾಯಣಪೇಟೆ ಮೊದಲೇ ಮಹಬೂಬ್‌ನಗರ ಜಿಲ್ಲೆಯಲ್ಲಿದ್ದವು, ಗದ್ವಾಲವೂ ಅದೇ ಜಿಲ್ಲೆಗೆ ಸೇರಿತು. 2016ರ ಅಕ್ಟೋಬರ್ 11ರಂದು ಗದ್ವಾಲವೇ ಒಂದು ಜಿಲ್ಲಾ ಕೇಂದ್ರವಾಯಿತು, 2019ರ ಫೆಬ್ರವರಿ 17ರಂದು ನಾರಾಯಣಪೇಟೆಯೂ ಆಯಿತು. ಹೀಗಾಗಿ ಗದ್ವಾಲದ ಒಂದು ಹಳ್ಳಿಯ ಅಂಕಿಯನ್ನು 1951ರ ಜನಗಣತಿಯಲ್ಲಿ ರಾಯಚೂರಿನ ಸಂಪುಟದಲ್ಲಿ ಹುಡುಕಬೇಕು, 1961ರಿಂದ 2011ರವರೆಗೆ ಮಹಬೂಬ್‌ನಗರದ ಸಂಪುಟಗಳಲ್ಲಿ. ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿವೆ, ಅವುಗಳ ಮೇಲಿನ ವರ್ಷ ಫಸಲಿ. ಆ ಕಾಲದ ಸರ್ಕಾರಿ ದಾಖಲೆಗಳನ್ನು ನೋಡಬೇಕಾದರೆ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಇತ್ತ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ, 1956ರಲ್ಲಿ ಏಳನೇ ತಿದ್ದುಪಡಿಯಿಂದ ಸೇರಿದ್ದು. ಅದರ ಬೆನ್ನಿಗೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವರದಿಗಳು, ಅವೆಲ್ಲ ಇಂಗ್ಲಿಷಿನಲ್ಲಿ.

ಇಷ್ಟೆಲ್ಲ ಬಲ್ಲ ಒಬ್ಬ ಗೈಡ್ ಎಲ್ಲೂ ಇಲ್ಲ. ಇದು ಯಾರ ಕೊರತೆಯೂ ಅಲ್ಲ. ಈ ನೆಲದ ಮೇಲೆ ಬರೆಯುವವರಿಗೆ ಬೇಕಾದ ತಿಳಿವಳಿಕೆ ನಾಲ್ಕು ಭಾಷೆಗಳಲ್ಲಿ, ಎರಡು ರಾಜ್ಯಗಳಲ್ಲಿ ಹಂಚಿಹೋಗಿದೆ. ಆದ್ದರಿಂದ ಸಹಾಯವೂ ಹಂಚಿಹೋಗಿಯೇ ಸಿಗುತ್ತದೆ. ಉರ್ದು ಓದುವ ಹಿರಿಯರು ನಾರಾಯಣಪೇಟೆಯ ಓಣಿಯಲ್ಲಿದ್ದಾರೆ, ಹಳೆಯ ಗಡಿ ಗೊತ್ತಿರುವವರು ಕಂದಾಯ ಇಲಾಖೆಯಿಂದ ನಿವೃತ್ತರಾಗಿ ಗದ್ವಾಲದಲ್ಲಿದ್ದಾರೆ, ಶಾಲೆಯ ಒಳಗಿನ ಸಂಗತಿ ಬಲ್ಲ ಮಾಸ್ತರು ಮಖ್ತಲ್‌ನಲ್ಲಿದ್ದಾರೆ. ‘ನನ್ನ ಪ್ರಬಂಧಕ್ಕೆ ಸಹಾಯ ಮಾಡ್ರಿ’ ಎಂದು ಹೋದರೆ ಇವರಲ್ಲಿ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಚಹಾ ಕುಡಿಸಿ, ಒಳ್ಳೆಯದಾಗಲಿ ಎಂದು ಹರಸಿ ಕಳಿಸುತ್ತಾರೆ. ‘ಈ ದಾಖಲೆಯಲ್ಲಿ ಫಸಲಿ 1352 ಅಂತಿದೆ, ಅಂದರೆ ಯಾವ ವರ್ಷ?’ ಎಂದು ಕೇಳಿದರೆ ಆ ಹಿರಿಯರು ತಕ್ಷಣ 590 ಕೂಡಿಸಿ 1942 ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲದೆ, ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು, ಆದ್ದರಿಂದ ಅದು 1943ರ ಬೇಸಿಗೆಯೂ ಆಗಿರಬಹುದು, ತಿಂಗಳು ನೋಡು ಎನ್ನುತ್ತಾರೆ. ಒಂದು ಅಡಿಟಿಪ್ಪಣಿ ಸರಿಯಾಯಿತು. ಜತೆಗೆ ಇಡೀ ಕೋಷ್ಟಕವನ್ನೇ ಮತ್ತೆ ನೋಡಬೇಕೆಂಬುದೂ ಗೊತ್ತಾಯಿತು.

ಆದರೆ ಅಂಥ ಸಣ್ಣ ಪ್ರಶ್ನೆ ತಾನಾಗಿ ಹುಟ್ಟುವುದಿಲ್ಲ. ಬರೆಯಲು ಹೋಗಿ, ಒಂದು ವಾಕ್ಯದ ನಡುವೆ ಸಿಕ್ಕಿಹಾಕಿಕೊಂಡಾಗ ಮಾತ್ರ ಹುಟ್ಟುತ್ತದೆ. ಮೊದಲು ಎಲ್ಲ ತಿಳಿದುಕೊಂಡು ಆಮೇಲೆ ಬರೆಯುತ್ತೇನೆ ಎನ್ನುವವರಿಗೆ ಯಾವುದು ತಿಳಿದಿಲ್ಲ ಎಂಬುದೇ ಕಾಣುವುದಿಲ್ಲ. ನಾನು ಈ ಮಾತನ್ನು ಬರವಣಿಗೆಯ ಕೌಶಲದ ಸಲಹೆಯಾಗಿ ಹೇಳುತ್ತಿಲ್ಲ. ಬೇರೆಯವರ ನೆರವು ಪಡೆಯಲು ಬೇಕಾದ ಅರ್ಹತೆ ಜಾಣತನವಲ್ಲ, ವಿನಯವೂ ಅಲ್ಲ, ಕೈಯಲ್ಲೊಂದು ಬರೆದ ಹಾಳೆ ಇರುವುದು. ಅದು ಕೆಟ್ಟದಾಗಿದ್ದರೂ ಸರಿ. ಕೆಟ್ಟ ಹಾಳೆಯ ಮೇಲೆ ಬೆರಳಿಟ್ಟು ‘ಇಲ್ಲಿ’ ಎನ್ನಬಹುದು. ಬರೆಯದೆ ತಲೆಯಲ್ಲಿಟ್ಟುಕೊಂಡದ್ದರ ಮೇಲೆ ಯಾರೂ ಬೆರಳಿಡಲಾರರು.

ಗೈಡ್ ಜತೆಗಿನ ಸಂಬಂಧವೂ ಹೀಗೆಯೇ. ಯುಜಿಸಿ 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಎಂಟು ಜನರವರೆಗೆ ಮಾರ್ಗದರ್ಶನ ಮಾಡಬಹುದು. ಪಾಠ, ಪರೀಕ್ಷೆ, ಸಭೆಗಳ ನಡುವೆ ಆ ಎಂಟರಲ್ಲಿ ಒಬ್ಬಳು ಬಂದು ‘ಸರ್, ಮುಂದೇನು ಮಾಡ್ಲಿ?’ ಎಂದರೆ ಅವರಿಂದ ಬರುವುದು ‘ಇನ್ನೂ ಓದಮ್ಮ’ ಎಂಬ ಮಾತೇ. ಅದೇ ಹುಡುಗಿ, ‘ಎರಡನೇ ಅಧ್ಯಾಯವನ್ನು ಶಾಲೆಗಳ ಪ್ರಕಾರ ಜೋಡಿಸಿದರೆ ಹೀಗಾಗುತ್ತದೆ, ಕಾಲದ ಪ್ರಕಾರ ಜೋಡಿಸಿದರೆ ಹೀಗೆ, ನನಗೆ ಮೊದಲನೆಯದು ಸರಿ ಅನ್ನಿಸುತ್ತಿದೆ, ಒಂದು ಪುಟ ಬರೆದು ಕಳಿಸಿದ್ದೇನೆ’ ಎಂದರೆ ಗುರುಗಳು ದಾರಿಯಲ್ಲಿ ನಿಂತೇ ಉತ್ತರ ಹೇಳಬಲ್ಲರು. ನಮ್ಮ ಸೀಮೆಯ ಮಕ್ಕಳಲ್ಲಿ ಗುರುವಿನ ಬಗ್ಗೆ ಇರುವ ಗೌರವ ಬಲುಬೇಗ ಭಯವಾಗುತ್ತದೆ. ಪೂರ್ತಿ ಆಗದ್ದನ್ನು ತೋರಿಸುವುದು ಅವಮರ್ಯಾದೆ ಎಂದುಕೊಳ್ಳುತ್ತಾರೆ. ಗೌರವವೆಂದರೆ ಅವರ ಸಮಯಕ್ಕೆ ತಕ್ಕ ಪ್ರಶ್ನೆಯನ್ನು ಸಿದ್ಧ ಮಾಡಿಕೊಂಡು ಹೋಗುವುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಮಖ್ತಲ್‌ನ ಆ ನಿವೃತ್ತ ಮಾಸ್ತರಿಗೆ ಸಂಶೋಧನಾ ವಿಧಾನ ಗೊತ್ತಿಲ್ಲ. ಭಾಷಾ ನೀತಿ, ಅಂಚಿನ ಸಮುದಾಯ, ಅಸ್ಮಿತೆ ಎಂದೆಲ್ಲ ಇದ್ದ ಅಧ್ಯಾಯವನ್ನು ಕೃಷ್ಣಾ ಮಂಡಲದ ಆ ಹೆಣ್ಣುಮಗಳು ಅವರಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅವರು ತಾಳ್ಮೆಯಿಂದ ಕೇಳಿ, ಕೊನೆಗೆ ‘ಇದು ಯಾವ ಸಾಲಿ ಸುದ್ದಿ? ಅಲ್ಲಿ ಕನ್ನಡ ಮಾಸ್ತರ ರಿಟೈರ್ ಆದ ಮ್ಯಾಲ ಯಾರ ಬಂದ್ರು, ಅದನ್ನ ಬರದೀಯೇನು?’ ಎಂದು ಕೇಳಿದರು. ಬರೆದಿರಲಿಲ್ಲ. ಸಿಬ್ಬಂದಿಯ ಹಾಜರಿ ಪುಸ್ತಕಗಳ ಫೋಟೊ ಮಾತ್ರ ಮೊದಲಿಂದಲೂ ಅವಳ ಫೋನಿನಲ್ಲೇ ಇತ್ತು. ಶಾಲೆ ಶಾಲೆಗೂ ಕನ್ನಡ ಶಿಕ್ಷಕರ ಹುದ್ದೆ ಯಾವಾಗ ಖಾಲಿಯಾಯಿತು, ಎಷ್ಟು ಕಾಲ ಖಾಲಿ ಉಳಿಯಿತು, ಆ ನಡುವೆ ಯಾರು ಪಾಠ ಮಾಡಿದರು ಎಂದು ಬರೆಯತೊಡಗಿದ ಮೇಲೆ ಅವಳ ಪ್ರಬಂಧಕ್ಕೆ ಬೆನ್ನೆಲುಬು ಬಂತು. ಗಡಿಯಲ್ಲಿ ಕನ್ನಡ ಶಾಲೆಯ ಕಥೆಯನ್ನು ಆದೇಶಗಳಲ್ಲಿ ಹುಡುಕಿದರೆ ಅರ್ಧವೇ ಸಿಗುತ್ತದೆ, ಉಳಿದದ್ದು ಆ ಖಾಲಿ ಕುರ್ಚಿಗಳಲ್ಲಿದೆ. ಅವಳ ಸಾಮಗ್ರಿಯಲ್ಲೇ ಇದ್ದ ವಿಷಯವನ್ನು ಮಾಸ್ತರು ಕೇಳಿದ್ದರಿಂದ ಅವಳು ನೋಡಿದಳು.

ಇದನ್ನು ನೋಡಿದ ಮೇಲೆ ನೆರವಿಗೂ ಬರೆಸಿಕೊಳ್ಳುವುದಕ್ಕೂ ಇರುವ ಗೆರೆ ನನಗೆ ಸ್ಪಷ್ಟವಾಯಿತು. ದುಡ್ಡು ಕೊಟ್ಟರೆ ಅಧ್ಯಾಯ ಬರೆದುಕೊಡುವವರಿದ್ದಾರೆ, ಈಗ ಯಂತ್ರವೂ ಬರೆದುಕೊಡುತ್ತದೆ. ಯುಜಿಸಿಯ 2018ರ ನಿಯಮ ಹೋಲಿಕೆ ಶೇ. 10ನ್ನು ಮೀರಿದರೆ ತಿದ್ದಿ ಕೊಡಲು ಹೇಳುತ್ತದೆ, ಶೇ. 60 ದಾಟಿದರೆ ನೋಂದಣಿಯನ್ನೇ ರದ್ದು ಮಾಡುತ್ತದೆ. ಆದರೆ ಈ ಶೇಕಡಾ ಲೆಕ್ಕ ಹಿಡಿಯುವುದು ನಕಲನ್ನು ಮಾತ್ರ. ಯಾವ ನೆರವು ಪಡೆದ ಮೇಲೆ ನಿನ್ನ ಬಳಿ ಹೊಸ ಪ್ರಶ್ನೆ ಉಳಿಯುತ್ತದೋ ಅದು ನೆರವು. ಬರೆಸಿಕೊಂಡ ಅಧ್ಯಾಯದ ನಂತರ ಕೇಳಲು ಏನೂ ಉಳಿದಿರುವುದಿಲ್ಲ. ವೈವಾದಲ್ಲಿ ಅದು ತಿಳಿದೇ ತಿಳಿಯುತ್ತದೆ, ತಿಳಿಯದಿದ್ದರೂ ಬರೆಸಿಕೊಂಡವರ ಮನಸ್ಸಿಗೆ ಬದುಕಿಡೀ ತಿಳಿದಿರುತ್ತದೆ.

ಇನ್ನು ದಾರಿ ತಪ್ಪದಿರುವುದರ ಮಾತು. 2022ರ ನಿಯಮದಲ್ಲಿ ಪಿಎಚ್‌ಡಿಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ, ಮರುನೋಂದಣಿಯಿಂದ ಇನ್ನೆರಡು, ಹೆಣ್ಣುಮಕ್ಕಳಿಗೆ ಮತ್ತೆರಡು ವರ್ಷದ ಸಡಿಲಿಕೆ, ಹೆರಿಗೆಗೆ 240 ದಿನಗಳವರೆಗೆ ರಜೆ. ಸೆಮಿಸ್ಟರ್‌ಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕು. ನಿಯಮವೇನೋ ಒಳ್ಳೆಯದು, ಆದರೆ ಮೌನ ಗಟ್ಟಿಯಾಗಲು ಆರು ತಿಂಗಳು ಧಾರಾಳವಾಗಿ ಸಾಕು. ಈಕೆ ಹಿಡಿದ ದಾರಿ ಬೇರೆ. ಗದ್ವಾಲದ ನೇಕಾರರ ಮೇಲೆ ಕೆಲಸ ಮಾಡುವ ಒಬ್ಬ, ನಾರಾಯಣಪೇಟೆಯ ಮರಾಠಿ ಮನೆಗಳ ಮಾತಿನ ಮೇಲೆ ಕೆಲಸ ಮಾಡುವ ಒಬ್ಬಳು, ಇವಳು, ಮೂವರೂ ವಾರಕ್ಕೊಮ್ಮೆ ಮಖ್ತಲ್‌ನಲ್ಲಿ ಸೇರಿ ಬರೆದದ್ದನ್ನು ಒಬ್ಬರಿಗೊಬ್ಬರು ಓದುವುದು. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಹೊಸ ರೈಲು ಮಾರ್ಗ ತೆರೆದ ಮೇಲೆ ಇವಳಿಗೆ ಓಡಾಟ ಹಗುರವಾಗಿದೆ. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದೇ ಒಳ್ಳೆಯದಾಯಿತು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಮಗ್ಗದ ಮೇಲೇ ಕೂಡಿಸುವ ಗದ್ವಾಲದ ಕುಪ್ಪಡಂ ನೇಯ್ಗೆಯನ್ನು ಆ ಹುಡುಗ ಒಂದೇ ಸಾಲಿನಲ್ಲಿ ಮುಗಿಸಿದ್ದ. ‘ನಮಗ ತಿಳೀಲಿಲ್ಲ’ ಎಂದು ಇವರಿಬ್ಬರೂ ಹೇಳಿದ್ದರಿಂದ, ಮೂರು ಲಾಳಿ ಹೇಗೆ ಓಡುತ್ತವೆ, ಎಲ್ಲಿ ಎಳೆ ಎಳೆಯನ್ನು ಹಿಡಿಯುತ್ತದೆ ಎಂದು ಬಿಡಿಸಿ ಬರೆದ. ಅವನ ಕರಡಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಅದೇ.

ಬರುವ ವಾರ ಇಬ್ಬರು ಕಾಯುತ್ತಿರುತ್ತಾರೆ ಎಂಬುದು ಸಂಕಲ್ಪಕ್ಕಿಂತ ದೊಡ್ಡ ಬಲ. ಛಲವಿದ್ದರೆ ಮುಗಿಯುತ್ತದೆ ಎಂದು ಈ ಮಕ್ಕಳಿಗೆ ಹೇಳುವವರು ಬಹಳ, ಛಲ ಅವರಲ್ಲಿ ಮೊದಲೇ ಬೇಕಾದಷ್ಟಿದೆ, ಇಲ್ಲದಿದ್ದರೆ ಅವರು ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಅವರಿಗೆ ಬೇಕಾದದ್ದು ಓದಿಗೆ ಕಾಯುವ ಕಿವಿ, ಮನೆಯಲ್ಲಿ ಯಾರೂ ಕರೆಯದ ಒಂದೆರಡು ತಾಸು. ಈ ಎರಡನೆಯದರ ಬಗ್ಗೆ ನಾನು ತಂದೆತಾಯಿಗಳ ಹತ್ತಿರ, ಅತ್ತೆಮಾವಂದಿರ ಹತ್ತಿರ ನೇರವಾಗಿಯೇ ಮಾತಾಡುತ್ತೇನೆ. ಹತ್ತಿ ಬಿಡಿಸುವ ಕಾಲದಲ್ಲಿ, ಮದುವೆಗಳ ಕಾಲದಲ್ಲಿ, ಬರೆಯುವವಳ ತಾಸನ್ನು ಕಾಯುವವರೂ ಆ ಪ್ರಬಂಧಕ್ಕೆ ನೆರವಾದವರೇ.

ಅವಳ ಅನುಬಂಧದಲ್ಲಿ ಈಗ ಶಾಲೆಗಳ ಪಟ್ಟಿ ಸಿದ್ಧವಾಗುತ್ತಿದೆ. ಊರು, ಆಯಾ ಕಾಲದ ತಾಲ್ಲೂಕು ಮತ್ತು ಜಿಲ್ಲೆ, ಕನ್ನಡ ಶಿಕ್ಷಕರು ಇದ್ದ ವರ್ಷಗಳು, ಇಲ್ಲದ ವರ್ಷಗಳು. ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ಮೊದಲು ಆ ಪಟ್ಟಿಯ ಒಂದೊಂದು ಪ್ರತಿಯನ್ನು ಆಯಾ ಶಾಲೆಗೆ ಒಯ್ದು, ಅಲ್ಲಿ ಪಾಠ ಮಾಡಿದವರ ಮುಂದಿಟ್ಟು ತಿದ್ದಿಸಿಕೊಂಡು ಬಾ ಎಂದು ಹೇಳಿದ್ದೇನೆ. ಪರೀಕ್ಷಕರ ಕಣ್ಣಿಗೆ ಬೀಳದ ತಪ್ಪು ಅವರ ಕಣ್ಣಿಗೆ ಬೀಳುತ್ತದೆ.